ಎರಡು ಸಲ ಹೇಳಿದ ಮಾತು

ಬಸ್ ನಿಲ್ದಾಣದಲ್ಲಿ ಮೈಕಮ್ಮನ ಮುಖ ನೋಡಿದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಅವಳ ದನಿ ಕೇಳದವರು ಮಾತ್ರ ಊರಲ್ಲಿ ಒಬ್ಬರೂ ಇರಲಿಲ್ಲ. ಇಪ್ಪತ್ತಾರು ವರ್ಷದಿಂದ ಅವಳು ಹೇಳಿದ ಮೇಲೆ ಬಸ್ಸು ಹೊರಡುತ್ತಿತ್ತು, ಅವಳು ಹೇಳಿದ ಮೇಲೆ ಬಸ್ಸು ತಡವಾಗುತ್ತಿತ್ತು. ತಡವಾದರೆ ಜನ ಬೈಯುವುದು ಡ್ರೈವರನ್ನಲ್ಲ, ಅವಳನ್ನು. ಅದು ಅವಳಿಗೆ ಕೇಳಿಸುತ್ತಿರಲಿಲ್ಲ. ಮೊದಲನೇ ಮಹಡಿಯ ಗಾಜಿನ ಗೂಡಿನಲ್ಲಿ ಕೂತವಳಿಗೆ ಕೆಳಗಿನವರ ಬಾಯಿ ಆಡುವುದು ಕಾಣುತ್ತಿತ್ತೇ ಹೊರತು ಮಾತು ಮುಟ್ಟುತ್ತಿರಲಿಲ್ಲ. ಅವಳ ಪುಣ್ಯ.

ಗೂಡು ಎಂದರೆ ಗೂಡೇ. ಒಂದು ಕುರ್ಚಿ, ಒಂದು ಮೇಜು, ಕತ್ತು ಬಗ್ಗಿಸಿ ನಿಂತ ಮೈಕು, ಡಿಪೋದಿಂದ ಬರುವ ಫೋನು, ತಡವಾದ ಬಸ್ಸುಗಳ ನಂಬರು ಗೀಚುವ ಒಂದು ಸ್ಲೇಟು. ಟೇಬಲ್ ಫ್ಯಾನ್ ಇತ್ತು, ಆದರೆ ಮಾತಾಡುವಾಗ ಅದನ್ನು ಆರಿಸಬೇಕಿತ್ತು; ಮರೆತರೆ ನಿಲ್ದಾಣಕ್ಕೆಲ್ಲ ಬಿರುಗಾಳಿ ಕೇಳಿಸುತ್ತಿತ್ತು. ಮೈಕಿನ ತಲೆಗೆ ಒಂದು ಕಪ್ಪು ಸ್ಪಂಜಿನ ಟೋಪಿ. ಅದನ್ನು ವಾರಕ್ಕೊಮ್ಮೆ ಮನೆಗೆ ಒಯ್ದು, ಒಗೆದು, ಒಣಗಿಸಿ ತರುತ್ತಿದ್ದವಳು ಅವಳೇ. ಆಫೀಸಿನವರಿಗೆ ಅದು ತೊಳೆಯುವ ವಸ್ತು ಎಂದೇ ಗೊತ್ತಿರಲಿಲ್ಲ.

ಕೆಲಸಕ್ಕೆ ಸೇರಿದ ಮೊದಲ ದಿನ, ನಿವೃತ್ತಿಗೆ ವಾರವಿದ್ದ ಹಳೆಯ ಅನೌನ್ಸರ್ ಅವಳಿಗೆ ಒಂದೇ ಒಂದು ಪಾಠ ಹೇಳಿಕೊಟ್ಟಿದ್ದರು. “ಎಲ್ಲಾನೂ ಎರಡು ಸಲ ಹೇಳಮ್ಮ. ಮೊದಲನೇ ಸಲ ಹೇಳೋದು ಜನ ತಲೆ ಎತ್ತಲಿ ಅಂತ. ಎರಡನೇ ಸಲ ಹೇಳೋದು ಅವರಿಗೆ ಕೇಳಿಸಲಿ ಅಂತ.”

ಆ ಪಾಠ ಅವಳ ನಾಲಿಗೆಗೆ ಹೇಗೆ ಅಂಟಿತೆಂದರೆ, ಪಾಳಿ ಮುಗಿಸಿ ಮನೆಗೆ ಬಂದ ಮೇಲೂ ಬಿಡಲಿಲ್ಲ. “ಗ್ಯಾಸ್ ಮುಗಿದಿದೆ. ಗ್ಯಾಸ್ ಮುಗಿದಿದೆ” ಎಂದು ಅಡುಗೆಮನೆಯಿಂದ ಘೋಷಣೆ ಬರುತ್ತಿತ್ತು. ಹಾಲ್‌ನಲ್ಲಿ ಕಾಲು ಚಾಚಿ ಕೂತಿದ್ದ ಗೊಂಚಲಕ್ಕ ತಲೆ ಎತ್ತದೆ ಕೇಳುತ್ತಿದ್ದಳು, “ಯಾವ ಪ್ಲಾಟ್‌ಫಾರ್ಮಿಂದ?”

ಗೊಂಚಲಕ್ಕ ಅದೇ ನಿಲ್ದಾಣದ ಕಳೆದುಹೋದ ವಸ್ತುಗಳ ಕೌಂಟರಿನವಳು. ಸೊಂಟದಲ್ಲಿ ಸದಾ ಒಂದು ಬೀಗದ ಕೈ ಗೊಂಚಲು; ಆಳು ಬರುವ ಮೊದಲು ಸದ್ದು ಬರುತ್ತಿತ್ತು. ಬಸ್ಸಿನಲ್ಲಿ ಜನ ಬಿಟ್ಟುಹೋದದ್ದೆಲ್ಲ ಅವಳ ಕಪಾಟು ಸೇರುತ್ತಿತ್ತು: ಕೊಡೆ, ಊಟದ ಡಬ್ಬಿ, ಒಂದೇ ಕಾಲಿನ ಬೂಟು, ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು. ಒಮ್ಮೆ ಊರುಗೋಲು ಸಿಕ್ಕಿತ್ತು. ಅದರ ಯಜಮಾನ ಅದಿಲ್ಲದೆ ಹೇಗೆ ಇಳಿದು ಹೋದ ಎಂಬುದು ಇವತ್ತಿಗೂ ಅವಳಿಗೆ ಬಗೆಹರಿದಿಲ್ಲ. ಕೌಂಟರಿನ ನಿಯಮ ಸರಳ. ಬಂದವರು ಗುರುತು ಹೇಳಬೇಕು, ಸಹಿ ಹಾಕಬೇಕು, ತಮ್ಮ ವಸ್ತು ಒಯ್ಯಬೇಕು. ತೊಂಬತ್ತು ದಿನ ಯಾರೂ ಬರದಿದ್ದರೆ “ವಾರಸುದಾರರಿಲ್ಲ” ಎಂಬ ಚೀಟಿ ಅಂಟುತ್ತದೆ, ತಳ್ಳುಗಾಡಿ ಬರುತ್ತದೆ, ಸಾಮಾನು ಹರಾಜಿಗೆ ಹೋಗುತ್ತದೆ.

ಇವರಿಬ್ಬರ ಪರಿಚಯವೂ ಆ ಕೌಂಟರಿನಲ್ಲೇ ಆದದ್ದು, ಇಪ್ಪತ್ತು ವರ್ಷದ ಹಿಂದೆ. ಮೈಕಮ್ಮ ಕೊಡೆ ಕಳೆದುಕೊಂಡು ಹೋಗಿದ್ದಳು.

“ಗುರುತು ಹೇಳಿ.”

“ಕಪ್ಪು ಕೊಡೆ. ಕಪ್ಪು ಕೊಡೆ.”

“ಒಂದು ಸಲ ಹೇಳಿದ್ರೂ ಕಪ್ಪೇ, ಎರಡು ಸಲ ಹೇಳಿದ್ರೂ ಕಪ್ಪೇ. ನನ್ನ ಹತ್ರ ನಲವತ್ತು ಕಪ್ಪು ಕೊಡೆ ಇದಾವೆ.”

ಮೈಕಮ್ಮ ನಾಚಿಕೊಂಡೇ ಹೇಳಿದಳು, “ಹಿಡಿ ಮೇಲೆ ಹಲ್ಲಿನ ಗುರುತು ಇದೆ. ಬಸ್ಸಿಗೆ ಕಾಯೋವಾಗ ಕಚ್ಚೋ ಅಭ್ಯಾಸ.” ಗೊಂಚಲಕ್ಕ ಒಳಗೆ ಹೋಗಿ ಆ ಕೊಡೆ ತಂದಳು, ಆದರೆ ಕೊಡಲಿಲ್ಲ. “ಹೊಂದಿಸಿ ತೋರ್ಸಿ” ಎಂದಳು. ಹಿಂದೆ ಆರು ಜನ ಸಾಲಿನಲ್ಲಿ ನಿಂತಿದ್ದಾರೆ. ಮೂವತ್ತೊಂದು ವರ್ಷದ ಹೆಂಗಸು ಅವರೆಲ್ಲರ ಎದುರು ಕೊಡೆಯ ಹಿಡಿಯನ್ನು ಬಾಯಿಗಿಟ್ಟು ಕಚ್ಚಿ ತೋರಿಸಿದಳು. ಸರಿಯಾಗಿ ಹೊಂದಿತು. ಒಂದು ವರ್ಷ ಕಳೆಯುವಷ್ಟರಲ್ಲಿ ಇಬ್ಬರೂ ಒಂದೇ ಮನೆ ಬಾಡಿಗೆಗೆ ಹಿಡಿದಿದ್ದರು.

ಒಂದು ಹಾಲ್, ಒಂದು ಅಡುಗೆಮನೆ, ಒಂದು ಮಲಗುವ ಕೋಣೆ. ಹತ್ತೊಂಬತ್ತು ವರ್ಷ. ಕನ್ನಡಕದ ಅಂಗಡಿ ಇಟ್ಟಿದ್ದ ಮೈಕಮ್ಮನ ಅಣ್ಣ ಈ ಹತ್ತೊಂಬತ್ತು ವರ್ಷವೂ ಗೊಂಚಲಕ್ಕನನ್ನು “ನಿನ್ನ ರೂಮ್‌ಮೇಟು” ಎಂದೇ ಕರೆದ. ಊರಿನ ಕಣ್ಣಿನ ಪವರ್ ಹಿಡಿದು ಹೇಳುವ ಮನುಷ್ಯನಿಗೆ ತಂಗಿಯ ಮನೆಯಲ್ಲಿ ಕೋಣೆ ಎಷ್ಟಿವೆ ಎಂಬುದು ಕಾಣಲಿಲ್ಲ. ಕಾಣಬಾರದೆಂದು ಅವನು ಹಾಲ್ ದಾಟಿ ಒಳಗೆ ಕಾಲಿಡುತ್ತಿರಲಿಲ್ಲ.

ನಿಜ ಹೇಳಬೇಕೆಂದರೆ, ತಪ್ಪು ಅಣ್ಣನದು ಮಾತ್ರವಲ್ಲ. ದಿನಕ್ಕೆ ನಾನೂರು ಸಲ ಬಾಯಿ ತೆರೆದು ಊರಿಗೆ ಕೇಳುವಂತೆ ಮಾತಾಡುವವಳು, ಮನೆಯಲ್ಲಿ ಆಡಬೇಕಾದ ಒಂದೇ ಒಂದು ಮಾತನ್ನು ಗಂಟಲಲ್ಲೇ ಇಟ್ಟುಕೊಂಡಿದ್ದಳು. ಜ್ವರ ಬಂದರೆ ಒಬ್ಬರ ಹಣೆ ಮೇಲೆ ಇನ್ನೊಬ್ಬರ ಕೈ ಇರುತ್ತಿತ್ತು. ಚಪ್ಪಲಿ ಕಿತ್ತರೆ ಇನ್ನೊಬ್ಬರಿಗೆ ಮೊದಲು ಗೊತ್ತಾಗುತ್ತಿತ್ತು. ಆದರೆ ಆ ಮಾತು? ಮನೆ ಮಾಲೀಕ ಇದ್ದ, ಆಫೀಸಿತ್ತು, ಅಣ್ಣ ಇದ್ದ. ಗೋಡೆಗೂ ಕಿವಿ ಎಂದು ಹೆದರಿ ಹೆದರಿ, ಗೋಡೆಯ ಒಳಗಿದ್ದವಳಿಗೂ ಹೇಳದೆ ಉಳಿಸಿದಳು. ಗೊಂಚಲಕ್ಕನೂ ಕೇಳಲಿಲ್ಲ. ಕೇಳದೆ ಯಾರ ವಸ್ತುವನ್ನೂ ಕೈಗೆ ಕೊಡದವಳು, ಇದೊಂದನ್ನು ಮಾತ್ರ ಕೇಳದೆ ಬಿಟ್ಟಿದ್ದಳು.

ಹೀಗಿರುವಾಗ ಅಣ್ಣನ ಮಗಳು ಬಂದಳು. ಮಾತ್ರೆ ಡಬ್ಬಿಗಳನ್ನು ಅಚ್ಚು ಹಾಕುವ ಕಡೆ ಅವಳಿಗೆ ಚಿತ್ರ ಬಿಡಿಸುವ ಕೆಲಸ. ರಜೆ ಸಿಕ್ಕಾಗೆಲ್ಲ ಮೂರು ವರ್ಷದಿಂದ ಒಂದು ಕಂಪ್ಯೂಟರ್ ಆಟ ಮಾಡುತ್ತಿದ್ದಳು. ಆಟ ಎಂದರೆ ಓಡುವುದು, ಹೊಡೆಯುವುದು ಎಂದುಕೊಂಡಿದ್ದ ಮೈಕಮ್ಮನಿಗೆ ಇದು ಹೊಸದು. ಪರದೆಯ ಮೇಲೆ ಚಿತ್ರ ಬರುತ್ತದೆ, ಕೆಳಗೆ ಮಾತು ಬರುತ್ತದೆ, ನಡುನಡುವೆ ಆಟ ನಿಂತು ‘ಈಗ ಏನು ಹೇಳುತ್ತೀಯ?’ ಎಂದು ಕೇಳುತ್ತದೆ. ಮೂರು ಉತ್ತರ ಇರುತ್ತವೆ. ಒಂದನ್ನು ಒತ್ತಿದರೆ ಕಥೆ ಆ ಕಡೆಗೆ ತಿರುಗುತ್ತದೆ.

ಕಥೆ ನಡೆಯುವುದು ಕೆಂಪು ಧೂಳಿನ, ಮರದ ಜಗುಲಿಗಳ, ಅಗಲ ಟೋಪಿಯ ಒಂದು ಕುದುರೆ ಊರಿನಲ್ಲಿ. ಅಂಥ ಊರಿನ ಸಿನಿಮಾಗಳಲ್ಲಿ ಇಬ್ಬರು ಗಂಡಸರು ಬೀದಿಯ ಎರಡು ತುದಿಗೆ ನಿಂತು ಬಂದೂಕು ಎಳೆಯುತ್ತಾರೆ. ಈ ಆಟದಲ್ಲಿ ಇದ್ದದ್ದು ಒಂದೇ ಬಂದೂಕು, ಅದೂ ಗೋಡೆಯ ಮೇಲೆ, ಅದಕ್ಕೂ ಯಾರೋ ಒದ್ದೆ ಟವೆಲ್ ನೇತುಹಾಕಿದ್ದರು. ಊರಿನಲ್ಲಿ ನಡೆಯುವ ಅತಿ ದೊಡ್ಡ ಅನಾಹುತವೆಂದರೆ ಒಂದು ಕುದುರೆ ಬೇಕರಿಗೆ ನುಗ್ಗುವುದು. ಆ ಬೇಕರಿಯವಳಿಗೂ, ಟಪಾಲು ಗಾಡಿ ಓಡಿಸುವ ಒರಟು ಹೆಂಗಸಿಗೂ ನಿಧಾನವಾಗಿ, ಉರಿ ಕಮ್ಮಿ ಮಾಡಿ ಬೇಯಿಸಿದ ಹಾಗೆ, ಪ್ರೀತಿಯಾಗುತ್ತದೆ. ಅಷ್ಟೇ ಕಥೆ.

“ಇಬ್ಬರೂ ಹೆಂಗಸರೇ?” ಎಂದು ಕೇಳಿದಳು ಮೈಕಮ್ಮ.

“ಹೌದು ಅತ್ತೆ. ಯಾಕೆ, ಬಸ್ಸು ತಡ ಆಗುತ್ತಾ?”

“ಇಲ್ಲ ಇಲ್ಲ. ಸುಮ್ನೆ ಕೇಳ್ದೆ. ಸುಮ್ನೆ ಕೇಳ್ದೆ.”

ಟಪಾಲು ಗಾಡಿಯವಳಿಗೆ ದನಿ ಬೇಕಿತ್ತು. ಅತ್ತೆಯ ದನಿ. ಮೈಕಮ್ಮ ಮೊದಲು ಒಲ್ಲೆ ಎಂದಳು, ಆಮೇಲೆ ಆಗಲಿ ಎಂದಳು, ಕೊನೆಗೆ ಮನೆಯಿಂದ ರಜಾಯಿಯನ್ನೂ ತಾನೇ ಹೊತ್ತು ತಂದಳು. ಅಣ್ಣ ಅಂಗಡಿಯಲ್ಲಿದ್ದ ಒಂದು ಮಧ್ಯಾಹ್ನ, ಅವನ ಊಟದ ಮೇಜಿನ ನಾಲ್ಕೂ ಕಡೆ ರಜಾಯಿ ಇಳಿಬಿಟ್ಟು, ಹೊರಗಿನ ಸದ್ದು ಬರದ ಹಾಗೆ ಗುಡಾರ ಮಾಡಿ, ಐವತ್ತು ದಾಟಿದ ಅತ್ತೆ ಸೊಸೆಯ ಜೊತೆ ಮೇಜಿನ ಕೆಳಗೆ ಕೂತಳು. ಮೊಣಕಾಲು ಹಿಡಿದುಕೊಂಡಿತ್ತು.

ಶುರುವಿನಲ್ಲಿ ಎಲ್ಲವೂ ಎಡವಟ್ಟು. ಕುದುರೆಗೆ “ಹೋಗೋಣ ನಡಿ” ಎನ್ನುವ ಮಾತೂ ಪ್ರಯಾಣಿಕರ ಗಮನಕ್ಕೆ ಎಂಬ ಧಾಟಿಯಲ್ಲೇ ಬಂತು. ಸೊಸೆ ನಕ್ಕೂ ನಕ್ಕೂ ಮೇಜಿಗೆ ತಲೆ ಹೊಡೆಸಿಕೊಂಡಳು. ಕೊನೆಗೆ ಕೊನೆಯ ಮಾತು ಬಂತು. ಆಟದಲ್ಲಿ ಮಳೆ ನಿಂತಿದೆ, ಗಾಡಿ ಬೇಕರಿಯ ಎದುರು ನಿಂತಿದೆ, ಟೋಪಿ ಕೈಗೆ ಬಂದಿದೆ.

“ಊರೂರು ತಿರುಗೋ ಗಾಡಿ ನಂದು. ಅದು ನಿಲ್ಲೋದು ನಿನ್ನ ಬಾಗಿಲಲ್ಲೇ. ನಾನು ನಿನ್ನ ಪ್ರೀತಿಸ್ತೀನಿ.”

ಹೇಳಿದಳು. ಸ್ಪಷ್ಟವಾಗಿ, ಅಕ್ಷರ ಅಕ್ಷರ ಬಿಡಿಸಿ, ನಾಲ್ಕನೇ ಪ್ಲಾಟ್‌ಫಾರ್ಮಿಗೆ ಬಸ್ಸು ಬಂದ ಹಾಗೆ. ಆಮೇಲೆ ಬಾಯಿ ಇಪ್ಪತ್ತಾರು ವರ್ಷದ ಅಭ್ಯಾಸದಂತೆ ತನ್ನಷ್ಟಕ್ಕೆ ತಾನೇ ಮತ್ತೆ ತೆರೆಯಿತು. ಆದರೆ ಆ ಹೊತ್ತಿಗೆ ಅವಳ ಕಣ್ಣು ಎದುರಿನ ರಜಾಯಿಯ ಮೇಲಿತ್ತು. ಅದು ಅವರದೇ ರಜಾಯಿ. ಅದರ ಹರಿದ ಮೂಲೆಗೆ ಗೊಂಚಲಕ್ಕ ಕಂದು ದಾರ ಸಿಗದೆ ಹಸಿರು ದಾರದಲ್ಲಿ ತೇಪೆ ಹಾಕಿದ್ದಳು. ಆ ಹಸಿರು ಹೊಲಿಗೆಯನ್ನು ನೋಡುತ್ತಾ ಮೈಕಮ್ಮ ಎರಡನೇ ಸಲ ಹೇಳಿದಳು.

“ನಾನು ನಿನ್ನ ಪ್ರೀತಿಸ್ತೀನಿ.”

“ಅಯ್ಯೋ, ಎರಡು ಸಲ ಹೇಳಿಬಿಟ್ಟೆ. ಎರಡನೇದು ಅಳಿಸ್ಬಿಡು” ಎಂದಳು ಮೈಕಮ್ಮ. ಸೊಸೆ ಕಣ್ಣೊರೆಸಿಕೊಂಡು ಹೇಳಿದಳು, “ಮೊದಲನೇದು ಅನೌನ್ಸರ್ ಹೇಳಿದ್ದು ಅತ್ತೆ. ಎರಡನೇದು ಅಳಿಸಲ್ಲ, ನೀನು ಏನೇ ಹೇಳು.” ಎರಡೂ ಉಳಿದವು.

ಆಟ ಹೊರಬಂದ ಮೇಲೆ ಸೊಸೆ ಅದನ್ನು ಗೊಂಚಲಕ್ಕನ ಫೋನಿಗೂ ಹಾಕಿಕೊಟ್ಟಳು. ಎರಡು ದಿನದಲ್ಲಿ ಮುಗಿಯುವ ಆಟ ಗೊಂಚಲಕ್ಕನಿಗೆ ಮೂರು ವಾರ ಹಿಡಿಯಿತು. ಆಟದಲ್ಲಿ ಆಡುವವರೇ ಬೇಕರಿಯವಳು. ಮೂರು ಉತ್ತರ ಕೊಟ್ಟರೆ ಗೊಂಚಲಕ್ಕ ಪ್ರತಿ ಸಲ ಒತ್ತುತ್ತಿದ್ದದ್ದು ಅನುಮಾನದ ಉತ್ತರವನ್ನೇ. ಟಪಾಲು ಗಾಡಿಯವಳು ಹೂವು ತಂದರೆ ‘ಎಲ್ಲಿಂದ ತಂದೆ?’ ಎಂದು ಒತ್ತಿದಳು. ಕಥೆ ಬೇರೆ ದಾರಿ ಹಿಡಿದು ಕುದುರೆ ಲಾಯಕ್ಕೆ ಹೋಗಿ ಕೂತುಬಿಟ್ಟಿತು. “ನಿಮ್ಮ ಗಾಡಿಯವಳು ಬಾಯೇ ಬಿಡಲ್ಲ ಕಣೇ” ಎಂದು ದೂರಿದಳು. ಅಂತೂ ಒಂದು ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ಇಯರ್‌ಫೋನ್ ಹಾಕಿಕೊಂಡು ಕಿಟಕಿ ಪಕ್ಕ ಕೂತಿದ್ದಾಗ, ಮಳೆ ನಿಂತು ಗಾಡಿ ಬಂತು.

ಮೈಕಮ್ಮ ಬಟ್ಟೆ ಮಡಿಸುತ್ತಾ ಓರೆಗಣ್ಣಲ್ಲಿ ನೋಡುತ್ತಿದ್ದಳು. ಗೊಂಚಲಕ್ಕನ ಬೆರಳು ನಿಂತಿತು. ಹಿಂದಕ್ಕೆ ಹೋಗಿ ಮತ್ತೊಮ್ಮೆ ಕೇಳಿದಳು. ಇಯರ್‌ಫೋನ್ ತೆಗೆದಳು, ಸುತ್ತಿ ಡಬ್ಬಿಗೆ ಹಾಕಿದಳು.

“ಗುರುತು ಸಿಕ್ತು” ಎಂದಳು. ಅಷ್ಟೇ. ಎದ್ದು ಹೋಗಿ ಟೀಗೆ ಒಲೆ ಹಚ್ಚಿದಳು. ಪಾತ್ರೆಗೆ ನೀರು ಹಾಕಲು ಮರೆತಿದ್ದು ಪಾತ್ರೆಯ ತಳ ಸೀದು ವಾಸನೆ ಬಂದಾಗಲೇ ಇಬ್ಬರಿಗೂ ಗೊತ್ತಾದದ್ದು.

ಇಲ್ಲಿಗೇ ನಿಂತಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಒಂದು ದಿನ ನಾಲ್ಕನೇ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಒಬ್ಬ ಹುಡುಗಿ ಅದೇ ಆಟ ಆಡುತ್ತಿದ್ದಳು, ಇಯರ್‌ಫೋನ್ ಇಲ್ಲದೆ. ಅವಳ ಕೈಯಲ್ಲಿನ ಫೋನು “ಪ್ರೀತಿಸ್ತೀನಿ” ಎಂದು ಎರಡು ಸಲ ಹೇಳಿದ ಕ್ಷಣಕ್ಕೇ ತಲೆ ಮೇಲಿನ ಸ್ಪೀಕರ್ “ಹದಿನೇಳನೇ ನಂಬರಿನ ಬಸ್ಸು” ಎಂದು ಎರಡು ಸಲ ಹೇಳಿತು. ಬೆಂಚಿನವರೆಲ್ಲ ಒಮ್ಮೆ ಫೋನು ನೋಡಿದರು, ಒಮ್ಮೆ ಸ್ಪೀಕರ್ ನೋಡಿದರು. ದನಿ ಹೋಲುವವರು ಇರಬಹುದು. ಹೇಳಿದ್ದನ್ನು ಹಾಗೆ ಎರಡು ಸಲ ಹೇಳುವವರು ಆ ಊರಲ್ಲಿ ಇದ್ದದ್ದು ಒಬ್ಬಳೇ.

ವಾರದೊಳಗೆ ಆ ಕೊನೆಯ ಮಾತು ಕಂಡಕ್ಟರುಗಳ ಫೋನಿನ ರಿಂಗ್‌ಟೋನ್ ಆಯಿತು. “ಮೈಕಮ್ಮೋರೆ, ನಮ್ಮ ಬಸ್ಸಿಗೂ ಒಂದ್ಸಲ ಹಂಗೇ ಹೇಳಿ, ಜನ ಹತ್ತಲಿ” ಎಂದು ನಗುವವರು ನಕ್ಕರು. ಅದನ್ನು ಅವಳು ಹೊಟ್ಟೆಗೆ ಹಾಕಿಕೊಂಡಳು. ಗೂಡಿನ ಬಾಗಿಲ ಮೇಲೆ ಯಾರೋ ಇದ್ದಿಲಲ್ಲಿ ಬರೆದ ಮಾತನ್ನು ಹೊಟ್ಟೆಗೆ ಹಾಕಿಕೊಳ್ಳಲಾಗಲಿಲ್ಲ. ಸೋಪು ತಂದು ಉಜ್ಜಿ ತೊಳೆದಳು. ಆಮೇಲೆ ದೂರು ಬಂತು. ನಿತ್ಯ ಪ್ರಯಾಣಿಕರ ಸಂಘದ ಹದಿನೇಳು ಸಹಿ. ಇಂಥ ದನಿಯಿಂದ ನಮ್ಮ ಮನೆ ಹೆಣ್ಣುಮಕ್ಕಳು ಬಸ್ಸಿನ ವೇಳೆ ಕೇಳಬೇಕೇ ಎಂದು ಅದರಲ್ಲಿ ಬರೆದಿತ್ತು. ಬಸ್ಸಿನ ವೇಳೆಗೆ ಮೈಲಿಗೆಯಾಗುತ್ತದೆ ಎಂದು ಆ ಹದಿನೇಳು ಜನಕ್ಕೆ ಯಾರು ಹೇಳಿದ್ದರೋ.

ನಿಲ್ದಾಣದ ಮ್ಯಾನೇಜರ್ ಕೆಟ್ಟ ಮನುಷ್ಯನಲ್ಲ. ಕೂರಿಸಿ, ನೀರು ಕೊಟ್ಟು, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡಿದರು.

“ನೋಡಿ ಮೇಡಂ, ಈಗಿನ ಕಾಲದಲ್ಲಿ ಯಾರ ದನೀನ ಬೇಕಾದ್ರೂ ಕಂಪ್ಯೂಟರಲ್ಲಿ ಮಾಡ್ತಾರೆ. ನಿಮ್ಮ ದನಿ ದಿನಾ ಇಡೀ ಊರಿಗೆ ಕೇಳುತ್ತೆ. ಯಾರೋ ಕದ್ದಿದಾರೆ. ಅಲ್ವಾ?”

ಅವರು ಒಂದು ಹಾಳೆಯನ್ನು ಮುಂದೆ ಸರಿಸಿದರು. ಟೈಪ್ ಆಗಿಯೇ ಇತ್ತು: ಸದರಿ ಧ್ವನಿಯು ನನ್ನದಲ್ಲ, ಯಂತ್ರದ ಮೂಲಕ ನಕಲು ಮಾಡಲಾಗಿದೆ. ಕೆಳಗೆ ಸಹಿಗೆ ಚುಕ್ಕಿಗಳ ಸಾಲು.

“ಇದಕ್ಕೊಂದು ಸಹಿ ಹಾಕಿ, ಎಲ್ಲಾ ಮುಗೀತು. ಇಲ್ಲಾಂದ್ರೆ ನನ್ನ ಕೈ ಕಟ್ಟಿದೆ. ಮೈಕಿಂದ ಇಳಿಸಿ ರೆಕಾರ್ಡ್ ರೂಮಿಗೆ ಹಾಕ್ಬೇಕಾಗುತ್ತೆ. ಸೋಮವಾರ ಹನ್ನೊಂದು ಗಂಟೆಗೆ ತಂದುಕೊಡಿ.” ಮೂಲೆಯಲ್ಲಿ ಹೊಸ ಅನೌನ್ಸ್‌ಮೆಂಟ್ ಯಂತ್ರ ಪೆಟ್ಟಿಗೆ ಒಡೆಯದೆ ಕೂತಿತ್ತು. ರೆಕಾರ್ಡ್ ರೂಮು ನೆಲಮಾಳಿಗೆಯಲ್ಲಿದೆ. ಅಲ್ಲಿ ಹಳೆಯ ಫೈಲುಗಳ ಜೊತೆ ದಿನವಿಡೀ ಇದ್ದರೂ ಒಂದು ಮಾತು ಆಡುವ ಸಂದರ್ಭ ಬರುವುದಿಲ್ಲ. ಮೈಕಮ್ಮ ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು.

ಶುಕ್ರವಾರ ಸಂಜೆ ಅಣ್ಣ ಬಂದ. ಹಾಲ್‌ನಲ್ಲಿ ಕೂತು ಕನ್ನಡಕ ತೆಗೆದು ಒರೆಸತೊಡಗಿದ. ಒರೆಸಲು ಅದರಲ್ಲಿ ಏನೂ ಇರಲಿಲ್ಲ.

“ಸಹಿ ಹಾಕು. ಮಾನ ಉಳಿಸ್ಕೋ.”

“ದನಿ ಕದ್ದರು ಅಂತ ಸಹಿ ಹಾಕಿದ್ರೆ ಕದ್ದಿದ್ದು ನಿನ್ನ ಮಗಳು ಅಂತ ಆಗುತ್ತೆ, ಅಣ್ಣ.”

“ಅವಳು ಚಿಕ್ಕವಳು, ನಾಲ್ಕು ದಿನ ಆಡ್ಕೋತಾರೆ, ಮರೀತಾರೆ. ನಿನಗೆ ಐವತ್ತೊಂದು. ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ? ಒಂದು ಆಟಕ್ಕೋಸ್ಕರ?”

“ಆಟದಲ್ಲಿ ಹೇಳಿದ್ದು ಆಟಕ್ಕಲ್ಲ” ಎಂದಳು ಮೈಕಮ್ಮ.

ಅಣ್ಣ ಕನ್ನಡಕ ಹಾಕಿಕೊಂಡ. ಅಡುಗೆಮನೆಯ ಕಡೆ ನೋಡಿದ. ಅಲ್ಲಿ ಗೊಂಚಲಕ್ಕ ತರಕಾರಿ ಹೆಚ್ಚುವ ಸದ್ದು ನಿಂತುಹೋಗಿತ್ತು. “ನಿನ್ನ ರೂಮ್‌ಮೇಟಿಗಾದ್ರೂ ಬುದ್ಧಿ ಹೇಳೋಕೆ ಹೇಳು” ಎಂದು ಎದ್ದ. ಮೈಕಮ್ಮನಿಗೆ ರೇಗಿತು. “ಮನೇಲಿ ಇರೋದು ಒಂದೇ ರೂಮು ಅಣ್ಣ. ಹತ್ತೊಂಬತ್ತು ವರ್ಷದಿಂದ ಒಂದೇ ರೂಮು. ಲೆಕ್ಕ ಹಾಕ್ಕೋ.” ಅವನು ಚಪ್ಪಲಿ ಹಾಕಿಕೊಳ್ಳುವಾಗ ಎಡದ್ದು ಬಲಕ್ಕೆ ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಂಡು ಹೋದ.

ಮರುದಿನ ಬೆಳಿಗ್ಗೆ ಸೊಸೆ ಫೋನ್ ಮಾಡಿದಳು. ಅಪ್ಪ ಮನೆಯಲ್ಲಿ ಗಂಟುಮೋರೆ ಹಾಕಿಕೊಂಡು ಕೂತಿದ್ದಾನೆ, ಬೇಕಿದ್ದರೆ ನಿನ್ನ ದನಿ ತೆಗೆದು ಬೇರೆಯವರ ಹತ್ತಿರ ಹೇಳಿಸುತ್ತೇನೆ ಅತ್ತೆ, ಎಂದಳು. “ತೆಗೆದ್ರೆ ಕೈ ಮುರೀತೀನಿ” ಎಂದಳು ಮೈಕಮ್ಮ. ಎರಡನೇ ಸಲವೂ ಅದನ್ನೇ ಹೇಳಿದಳು. ಹೆದರಿಕೆ ಇಲ್ಲ ಎಂದು ಯಾರು ಹೇಳಿದರು? ಆ ಗಾಜಿನ ಗೂಡು ಬಿಟ್ಟರೆ ಅವಳಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಬೆಳಿಗ್ಗೆ ಮೈಕಿನ ಗುಂಡಿ ಒತ್ತಿದಾಗ ನಿಲ್ದಾಣದಲ್ಲಿ ಒಂದು ಕ್ಷಣ ಜನರ ಕಾಲು ನಿಲ್ಲುತ್ತದಲ್ಲ, ಅದಕ್ಕೋಸ್ಕರ ಅವಳು ಜ್ವರದಲ್ಲೂ ರಜೆ ಹಾಕಿದವಳಲ್ಲ.

ಆ ಶನಿವಾರ ತೊಂಬತ್ತು ದಿನದ ಸಾಮಾನು ತೆಗೆಯುವ ದಿನ. ಪಾಳಿ ಮುಗಿಸಿ ಮೈಕಮ್ಮ ಕೌಂಟರಿಗೆ ಬಂದಾಗ ಬಿಸಿಲು ಇನ್ನೂ ಪ್ಲಾಟ್‌ಫಾರ್ಮಿನ ಮೇಲಿತ್ತು. ತಳ್ಳುಗಾಡಿ ಅರ್ಧ ತುಂಬಿತ್ತು. ಗೊಂಚಲಕ್ಕ ಒಂದೊಂದಕ್ಕೂ ಅಂಟು ಸವರಿ “ವಾರಸುದಾರರಿಲ್ಲ” ಚೀಟಿ ಹಚ್ಚುತ್ತಿದ್ದಳು. ಮೈಕಮ್ಮ ಸ್ಟೂಲು ಎಳೆದು ಕೂತು ಚೀಲದಿಂದ ಹಾಳೆ ತೆಗೆದು ಕೌಂಟರಿನ ಮೇಲಿಟ್ಟಳು. ಗೊಂಚಲಕ್ಕ ಅದನ್ನು ಓದಿದಳು.

“ಸಹಿ ಹಾಕ್ಬಿಡು.”

“ಏನಂದೆ?”

“ಸಹಿ ಹಾಕ್ಬಿಡು ಅಂದೆ. ಅದು ನೀನೇ ಅಂತ ನನಗೆ ಗೊತ್ತಲ್ಲ. ಸಾಕು ನನಗೆ.” ಗೊಂಚಲಕ್ಕ ತಲೆ ಎತ್ತಲಿಲ್ಲ. ಒಂದೇ ಚೀಟಿಗೆ ಅಂಟನ್ನು ಸವರಿಯೇ ಸವರಿದಳು. “ಆ ನೆಲಮಾಳಿಗೇಲಿ ನೀನು ಆರು ತಿಂಗಳು ಬದುಕಲ್ಲ ಕಣೇ. ನಿನಗೆ ಮಾತು ಬೇಕು.”

ಮೈಕಮ್ಮ ಗಾಡಿಯ ಕಡೆ ನೋಡಿದಳು. ಕೊಡೆಗಳ ಮೇಲೆ ಒಂದು ಮದುವೆ ಫೋಟೋ ಇತ್ತು, ಚೌಕಟ್ಟಿನ ಸಮೇತ, ಗಾಜೂ ಒಡೆದಿರಲಿಲ್ಲ. ಗಂಡು, ಹೆಣ್ಣು, ಇಬ್ಬರೂ ಕ್ಯಾಮೆರಾ ಕಡೆ ನೋಡಿ ನಗುತ್ತಿದ್ದರು. ಅದಕ್ಕೂ ಚೀಟಿ ಅಂಟಿತ್ತು.

“ಇದನ್ನೂ ಯಾರೂ ಕೇಳ್ಕೊಂಡು ಬರ್ಲಿಲ್ವಾ?”

“ಬಂದಿದ್ದ ಒಬ್ಬ. ಹೋದ ತಿಂಗಳು. ಬೇರೇನೋ ಹುಡುಕ್ಕೊಂಡು ಬಂದಿದ್ದ, ನಾನೇ ಇದನ್ನ ತೆಗೆದು ತೋರ್ಸಿದೆ. ನೋಡ್ದ. ‘ನಂದಲ್ಲ’ ಅಂದ.” ಗೊಂಚಲಕ್ಕ ಕುಂಚದ ತುದಿಯಿಂದ ಗಾಜನ್ನು ಮುಟ್ಟಿದಳು. “ಫೋಟೋದಲ್ಲಿ ಇರೋನು ಅವನೇ. ಮುಖ ಎದುರಿಗಿದೆ, ಬಾಯಲ್ಲಿ ನಂದಲ್ಲ ಅಂತಾನೆ. ನಾನೇನು ಮಾಡ್ಲಿ? ತನ್ನದಲ್ಲ ಅಂದವನ ಕೈಗೆ ತುರುಕೋಕಾಗುತ್ತಾ? ಚೀಟಿ ಅಂಟಿಸ್ದೆ.”

ಗಾಡಿ ತಳ್ಳುವವನು ಬಂದು ಹಗ್ಗ ಬಿಗಿದ. ಚಕ್ರಗಳು ಕಿರುಗುಟ್ಟುತ್ತಾ ಹೊರಟವು. ಕೊಡೆಗಳ ನಡುವೆ ಆ ಇಬ್ಬರೂ ನಗುತ್ತಲೇ ಹರಾಜಿಗೆ ಹೋದರು. ಮೈಕಮ್ಮ ಅದು ತಿರುವು ದಾಟುವವರೆಗೂ ನೋಡಿದಳು. ಹತ್ತೊಂಬತ್ತು ವರ್ಷದಲ್ಲಿ ತಾನು ಗೊಂಚಲಕ್ಕನಿಗೆ ಆ ಮಾತು ಹೇಳಿದ್ದು ಒಂದೇ ದಿನ, ಒಂದು ಮೇಜಿನ ಕೆಳಗೆ, ಒಂದು ಕುದುರೆ ಊರಿನ ಹೆಸರಿನಲ್ಲಿ. ಅದೂ ತನ್ನದಲ್ಲ ಎಂದು ಬರೆದುಕೊಟ್ಟರೆ ಇವಳ ಪಾಲಿಗೆ ಉಳಿಯುವುದೇನು? ಹೇಳದೆ ಇದ್ದದ್ದು ಅಂಜಿಕೆ, ಅದಕ್ಕೆ ಕ್ಷಮೆ ಇದೆ. ಹೇಳಿ ಅಲ್ಲ ಎನ್ನುವುದು ಬೇರೆ.

ಅವಳು ಹಾಳೆಯನ್ನು ಮಡಿಸಿ ಮತ್ತೆ ಚೀಲಕ್ಕೆ ಹಾಕಿದಳು. “ಮನೆಗೆ ನಡಿ” ಎಂದಳು. ಆ ಒಂದು ಮಾತನ್ನು ಯಾಕೋ ಒಂದೇ ಸಲ ಹೇಳಿದಳು. ಗೊಂಚಲಕ್ಕ ಗಾಬರಿಯಿಂದ ಅವಳ ಮುಖ ನೋಡಿದಳು.

ಸೋಮವಾರ ಹನ್ನೊಂದಕ್ಕೆ ಮ್ಯಾನೇಜರ ಕೋಣೆಯಲ್ಲಿ ಮ್ಯಾನೇಜರ್ ಇದ್ದರು, ಟೈಪಿಸ್ಟ್ ಇದ್ದರು, ದೂರು ಕೊಟ್ಟ ಸಂಘದ ಅಧ್ಯಕ್ಷರು ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದರು. ಅಧ್ಯಕ್ಷರು ತಮ್ಮ ಫೋನಿನಲ್ಲಿ ಆಟವನ್ನೇ ತೆರೆದು ಆ ಭಾಗವನ್ನು ಹಾಕಿ ಕೇಳಿಸಿದರು. ಆಡಿದರೆ ಮಾತ್ರ ಸಿಗುವ ಭಾಗ ಅದು. ಅಲ್ಲಿಯವರೆಗೆ ಅಧ್ಯಕ್ಷರು ಬೇಕರಿಯವಳಾಗಿ ಎಷ್ಟು ಉತ್ತರ ಒತ್ತಿದ್ದರೋ ಅವರಿಗೇ ಗೊತ್ತು. ಊರೂರು ತಿರುಗುವ ಗಾಡಿ ಮೇಜಿನ ಮೇಲೆ ನಿಂತಿತು, ಮಾತು ಎರಡು ಸಲ ಬಂತು.

“ಇದು ಯಂತ್ರದ್ದು ಅಂತ ಮೇಡಂ ಬರೆದುಕೊಡ್ತಾರೆ” ಎಂದರು ಮ್ಯಾನೇಜರ್. ಪೆನ್ನು ಮುಂದೆ ಚಾಚಿದರು. “ಅಲ್ವಾ ಮೇಡಂ?”

ಮೈಕಮ್ಮ ಹಾಳೆ ತೆಗೆದು ಮೇಜಿನ ಮೇಲೆ ಹರಡಿದಳು. ಅಭ್ಯಾಸದಂತೆ ಅವಳ ಕಣ್ಣು ಮೊದಲು ಫ್ಯಾನ್ ಎಲ್ಲಿದೆ ಎಂದು ಹುಡುಕಿತು. ಎದ್ದು ಹೋಗಿ ಅದನ್ನು ಆರಿಸಿದಳು. ಕೋಣೆ ಸದ್ದಿಲ್ಲದಾಯಿತು.

“ಆ ದನಿ ನನ್ನದು” ಎಂದಳು.

ಮೂವರೂ ತಲೆ ಎತ್ತಿದರು.

“ಆ ದನಿ ನನ್ನದು. ಯಾರೂ ಕದ್ದಿಲ್ಲ, ನಾನೇ ಕೊಟ್ಟಿದ್ದು. ಹೇಳಿದ ಮಾತೂ ನನ್ನದೇ.”

ಅಧ್ಯಕ್ಷರ ಕಾಲು ಕೆಳಗಿಳಿಯಿತು. ಮ್ಯಾನೇಜರ್ ಹಾಳೆಯನ್ನು ಅವಳ ಕಡೆಗೆ ಇನ್ನಷ್ಟು ಸರಿಸಿದರು. “ಮೇಡಂ, ಯೋಚನೆ ಮಾಡಿ. ಇಪ್ಪತ್ತಾರು ವರ್ಷದ ಸರ್ವಿಸು...”

“ಮಾಡಿಯೇ ಬಂದೆ ಸಾರ್.” ಅವಳು ಪೆನ್ನು ತೆಗೆದುಕೊಂಡು ಟೈಪಾಗಿದ್ದ ಸಾಲಿನ ಮೇಲೆ ಗೆರೆ ಎಳೆದಳು. ಕೆಳಗೆ ತನ್ನ ಕೈಯಿಂದ ಬರೆದಳು: ಸದರಿ ಧ್ವನಿಯು ನನ್ನದು. ಅದರ ಕೆಳಗೆ ಮತ್ತೊಮ್ಮೆ: ಸದರಿ ಧ್ವನಿಯು ನನ್ನದು. ಸಹಿ ಹಾಕಿದಳು. ಟೈಪಿಸ್ಟ್ ಬಗ್ಗಿ ನೋಡಿ, “ಮೇಡಂ, ತಪ್ಪಿ ಎರಡು ಸಲ ಬರೆದಿದೀರಿ” ಎಂದರು.

“ತಪ್ಪಿ ಬರೆದದ್ದಲ್ಲ” ಎಂದಳು ಮೈಕಮ್ಮ.

ಗೂಡಿಗೆ ಹೋಗಿ ಸ್ಲೇಟು ಒರೆಸಿದಳು. ಮೈಕಿನ ತಲೆಯಿಂದ ಸ್ಪಂಜಿನ ಟೋಪಿ ಕಿತ್ತು ಕೈಯಲ್ಲಿ ಹಿಡಿದುಕೊಂಡಳು. ಮೈಕು ಆಫೀಸಿನದು, ಆದರೆ ಇದನ್ನು ಇಷ್ಟು ವರ್ಷ ಒಗೆದವಳು ಅವಳು. ಗುಂಡಿ ಒತ್ತಿ ಏನಾದರೂ ಹೇಳಿಹೋಗಲೇ ಎಂದು ಒಂದು ಕ್ಷಣ ಅನಿಸಿತು. ಒತ್ತಲಿಲ್ಲ. ಆ ಮೈಕು ಬಸ್ಸು ಹಿಡಿಯುವವರದು. ಮೆಟ್ಟಿಲು ಇಳಿಯುವಾಗ ನಡುವೆ ಕಂಬಿ ಹಿಡಿದು ನಿಂತಳು, ಅತ್ತಳು, ಸ್ಪಂಜಿನ ಟೋಪಿಯಲ್ಲೇ ಕಣ್ಣೊರೆಸಿಕೊಂಡಳು. ಆಮೇಲೆ ಇಳಿದಳು.

ಕೌಂಟರಿನ ಎದುರು ನಾಲ್ಕು ಜನರ ಸಾಲಿತ್ತು. ಮುಂದೆ ನಿಂತವರು ಒಂದು ಕನ್ನಡಕದ ಡಬ್ಬಿಯ ಗುರುತು ಹೇಳುತ್ತಿದ್ದರು. ಗೊಂಚಲಕ್ಕ ಅವರನ್ನು ಕೈಯಲ್ಲೇ ತಡೆದು ಮೈಕಮ್ಮನ ಮುಖ ನೋಡಿದಳು, ಕೈಯಲ್ಲಿದ್ದ ಟೋಪಿ ನೋಡಿದಳು.

“ಹೇಳ್ದೆಯಾ?”

“ಹೇಳ್ದೆ.”

“ಎಷ್ಟು ಸಲ?”

“ಎರಡು ಸಲ. ಬರೆದೂ ಕೊಟ್ಟೆ. ನಾಳೆಯಿಂದ ನೆಲಮಾಳಿಗೆ.”

ಗೊಂಚಲಕ್ಕ ಕೆಲಸದ ಹೊತ್ತಿನಲ್ಲಿ ದನಿ ಏರಿಸಿದವಳಲ್ಲ. ಕೀಲಿಗಳೇ ಅವಳ ಪರವಾಗಿ ಸದ್ದು ಮಾಡುತ್ತಿದ್ದವು. ಈಗ ಸೊಂಟದ ಗೊಂಚಲನ್ನು ಬಿಚ್ಚಿ ಕೌಂಟರಿನ ಮೇಲಿಟ್ಟಳು. ಕೌಂಟರಿನ ಪಕ್ಕದ ಅಡ್ಡಹಲಗೆ ಎತ್ತಿ ಹೊರಗೆ ಬಂದಳು, ಸಾಲಿನವರ ಮುಂದೆ, ಬಿಸಿಲಿಗೆ. ಮ್ಯಾನೇಜರ ಕೋಣೆಯ ಕಿಟಕಿ ಸರಿಯಾಗಿ ತಲೆ ಮೇಲೆ ತೆರೆದಿತ್ತು.

“ನಾನೂ ನಿನ್ನ ಪ್ರೀತಿಸ್ತೀನಿ ಕಣೇ” ಎಂದಳು.

ಸಾಲಿನ ನಾಲ್ಕೂ ಜನ ತಲೆ ಎತ್ತಿದರು. ಆಚೆ ಬೆಂಚಿನವರು ತಲೆ ಎತ್ತಿದರು. ಕಿಟಕಿಯಲ್ಲಿ ಅಧ್ಯಕ್ಷರ ತಲೆ ಕಾಣಿಸಿತು. ಮೈಕಮ್ಮ ಒಬ್ಬೊಬ್ಬರನ್ನೂ ನೋಡಿದಳು. ಆಮೇಲೆ ಗೊಂಚಲಕ್ಕನ ಕೈ ಹಿಡಿದಳು.

“ಎಲ್ಲರೂ ತಲೆ ಎತ್ತಿದ್ದಾರೆ” ಎಂದಳು. “ಇನ್ನೊಂದು ಸಲ ಹೇಳು, ಕೇಳಿಸಲಿ.”

ಗೊಂಚಲಕ್ಕ ಹೇಳಿದಳು.